ಮಗಳಿಗೆ ಕಾವೇರಿ ಅಂತ ಹೆಸರಿಡ್ಬೇಕು ಅಂತಿದೀನಿ, ಈ ಹೆಸರಿರೋರು ಸ್ವಲ್ಪ ಹೇಳ್ತೀರಾ?

ಹೊಸ ಅಮ್ಮ, ವಿರಾಜಪೇಟೆ:

ನಮಸ್ಕಾರ ಎಲ್ರಿಗೂ. ಮಗಳು ಹುಟ್ಟಿ ಇನ್ನೂ ತಿಂಗಳಾಗಿಲ್ಲ. ನಮ್ಮೆಜಮಾನ್ರ ಅಜ್ಜಿ ಹೆಸರು ಕಾವೇರಮ್ಮ, ಹೋದ ವರ್ಷ ತೀರ್ಕೊಂಡ್ರು, ಅವರ ನೆನಪಿಗೆ ಮಗೂಗೆ ಕಾವೇರಿ ಅಂತ ಇಡೋಣ ಅಂತ ನನ್ನಾಸೆ. ಆದ್ರೆ ಇವರು ಹಳೇ ಹೆಸರು, ಕೊಡಗಲ್ಲಿ ಕಲ್ಲೆಸೆದ್ರೆ ಒಬ್ಳು ಕಾವೇರಿ ಮೇಲೆ ಬೀಳುತ್ತೆ ಅಂತಾರೆ. ಮೈಸೂರಲ್ಲಿರೋ ನನ್ನ ದೊಡ್ಡಮ್ಮ ಬೇರೆ ಫೋನ್ ಮಾಡಿ ನದಿ ಹೆಸರು ಹೆಣ್ಮಕ್ಕಳಿಗೆ ಇಡಬಾರ್ದು, ಮದುವೆಗೆ ತೊಂದ್ರೆ ಆಗುತ್ತೆ, ಶಾಸ್ತ್ರದಲ್ಲೇ ಇದೆ ಅಂತ ಹೆದರಿಸಿಟ್ಟಿದಾರೆ. ಇಂಗ್ಲಿಷಲ್ಲಿ ಸಿ ಇಂದ ಬರೆಯೋದಾ ಕೆ ಇಂದನಾ ಅದೂ ಗೊತ್ತಾಗ್ತಿಲ್ಲ, ಬರ್ತ್ ಸರ್ಟಿಫಿಕೇಟಿಗೆ ಇನ್ನೂ ಹೆಸರು ಕೊಟ್ಟಿಲ್ಲ. ಈ ಹೆಸರು ಇಟ್ಕೊಂಡೋರು, ಮಕ್ಕಳಿಗೆ ಇಟ್ಟೋರು, ಇಡ್ಬೇಕು ಅಂದ್ಕೊಂಡು ಬಿಟ್ಟೋರು ಯಾರಿದ್ರೂ ಹೇಳಿ ಪ್ಲೀಸ್.

ಕಾವೇರಿ, ಗೋಣಿಕೊಪ್ಪ:

ನಿಮ್ಮೆಜಮಾನ್ರು ಎಸೆದ ಕಲ್ಲು ನನ್ ಮೇಲೇ ಬಿತ್ತು ನೋಡಿ. ನಾನೂ ಕಾವೇರಿನೇ, ಮೂವತ್ತು ದಾಟಿದೆ, ಮದುವೆಯಾಗಿ ಇಬ್ರು ಮಕ್ಕಳೂ ಇದಾರೆ, ಹಾಗಾಗಿ ದೊಡ್ಡಮ್ಮಂಗೆ ಮೊದ್ಲು ಅದನ್ನ ಹೇಳ್ಬಿಡಿ.

ಸ್ಕೂಲಲ್ಲಿ ನನ್ ಜೊತೆ ಬೇರೆ ಕಾವೇರಿಗಳೂ ಇದ್ರು ನಿಜ, ಆದ್ರೆ ಅದು ನಂಗೆ ಯಾವತ್ತೂ ತೊಂದ್ರೆ ಅನ್ಸಿಲ್ಲ, ಯಾಕಂದ್ರೆ ನಮ್ಮಲ್ಲಿ ಮನೆ ಹೆಸರು ಅನ್ನೋದೊಂದು ಇದೆಯಲ್ಲ, ಟೀಚರು ಮನೆ ಹೆಸರು ಹಿಡಿದೇ ಕರೀತಿದ್ರು, ಅಂಗಡಿಗೆ ಹೋದ್ರೂ ಮೊದ್ಲು ಕೇಳೋದು ಯಾವ ಮನೆಯವಳು ಅಂತ, ಹೆಸರು ಕೇಳೋದು ಆಮೇಲೆ. ಅದೇ ಬೆಂಗಳೂರಿಗೆ ಕೆಲಸಕ್ಕೆ ಹೋದಾಗ ನಮ್ ಫ್ಲೋರಲ್ಲಿ ನಾನೊಬ್ಳೇ ಕಾವೇರಿ. ಅಲ್ಲಿ ಇರೋರೆಲ್ಲ ಅನನ್ಯ, ಐಶ್ವರ್ಯ, ದಿವ್ಯ. ಅದಕ್ಕೇ ಹೇಳೋದು, ಇದು ಊರಲ್ಲಿ ಕಾಮನ್, ಗಡಿ ದಾಟಿದ್ರೆ ಅಲ್ಲ.

ತಮಾಷೆ ಮಾಡ್ತಾರಾ ಅಂತ ಕೇಳಿದ್ರೆ ಮಾಡ್ತಾರೆ. ಅತ್ರೆ ಕಾವೇರಿ ಉಕ್ಕಿತು ಅಂತಾರೆ, ಬೇಸಿಗೆಲಿ ನೀನು ಬತ್ತಿಲ್ವಾ ಅಂತಾರೆ, ನೀರಿನ ಗಲಾಟೆ ಶುರುವಾದ್ರೆ ಅಂತೂ ಕೇಳಲೇಬೇಡಿ. 2016ರ ಸೆಪ್ಟೆಂಬರಲ್ಲಿ ಬೆಂಗಳೂರಲ್ಲಿ ಬಸ್ಸು ಸುಟ್ರಲ್ಲ, ಆಗ ನಮ್ ಟೀಮಲ್ಲಿದ್ದ ಚೆನ್ನೈ ಹುಡುಗ ದಿನಾ ಬೆಳಗ್ಗೆ ಬಂದು ಕಾವೇರಿ ಅಕ್ಕಾ ಸ್ವಲ್ಪ ಬಿಡಿ ಅಂತ ಬಾಟ್ಲಿ ಹಿಡ್ಕೊಂಡು ನಿಲ್ತಿದ್ದ. ನಂಗೆ ನಗುನೇ ಬರ್ತಿತ್ತು. ಆದ್ರೆ ಸ್ವಲ್ಪ ಮೆತ್ತಗಿನ ಮಗು ಆದ್ರೆ ಇದಕ್ಕೆಲ್ಲ ಬೇಜಾರು ಮಾಡ್ಕೊಬಹುದು, ಅದು ಸುಳ್ಳಲ್ಲ.

ಇನ್ನೊಂದು, ತುಲಾ ಸಂಕ್ರಮಣ ಬಂದ್ರೆ ನಂಗೊಂಥರಾ ಹುಟ್ಟುಹಬ್ಬ. ತೀರ್ಥೋದ್ಭವದ ಮಾರನೇ ದಿನ ಕಣಿ ಪೂಜೇಲಿ ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ಹಾಕಿ ಕಾವೇರಮ್ಮ ಅಂತ ಕೂರಿಸ್ತಾರಲ್ಲ, ಚಿಕ್ಕವಳಿದ್ದಾಗ ಅದು ನನ್ನ ಪೂಜೆ ಅಂತಲೇ ನಂಬಿದ್ದೆ, ಯಾರೂ ಸರಿ ಮಾಡೋಕೂ ಹೋಗಿಲ್ಲ ಮಾರಾಯ್ರೆ.

ಸುಂಟಿಕೊಪ್ಪ ಆಂಟಿ:

ನಾನು ಇಟ್ಟಿದ್ದೀನಿ ಆದ್ರೆ ಕರೆಯೋಕಾಗ್ತಿಲ್ಲ. ಕಥೆ ಕೇಳಿ. ನಮ್ಮತ್ತೆಗೆ ಅವರತ್ತೆ ಹೆಸರು ಬಾಯಲ್ಲಿ ಹೇಳಿ ಅಭ್ಯಾಸವೇ ಇಲ್ಲ, ಹಿರಿಯರ ಹೆಸರು ಹಿಡಿದು ಕರೆಯೋ ಕಾಲ ಅಲ್ಲ ಅವರದ್ದು. ನಾವು ಮೊಮ್ಮಗಳಿಗೆ ಅದೇ ಹೆಸರಿಟ್ವಿ. ಈಗ ಮಗು ಹಾಲು ಚೆಲ್ಲಿದ್ರೆ, ಗೋಡೆ ಮೇಲೆ ಗೀಚಿದ್ರೆ, ಕಾವೇರಮ್ಮಾ ಅಂತ ಗದರೋಕೆ ಅವರಿಗೆ ಬಾಯೇ ಬರಲ್ಲ, ಅತ್ತೆನ ಬೈದ ಹಾಗಾಗುತ್ತಂತೆ! ಹಾಗಾಗಿ ಮನೇಲಿ ಪುಟ್ಟಿ, ಸ್ಕೂಲಲ್ಲಿ ಕಾವೇರಮ್ಮ. ನಿಮ್ಮತ್ತೆನ ಒಂದ್ಸಲ ಕೇಳಿ ನೋಡಿ, ಅವರು ಬಾಯಿಬಿಟ್ಟು ಹೇಳದೇ ಇರಬಹುದು. ಬರೀ ಕಾವೇರಿ ಅಂದ್ರೆ ಪರವಾಗಿಲ್ಲ, ಅಮ್ಮ ಸೇರಿಸಿದ್ರೆ ಕಷ್ಟ.

ಸೋಮವಾರಪೇಟೆ ಮೇಷ್ಟ್ರು (ರಿಟೈರ್ಡ್):

ತಂಗೀ, ನಿಮ್ಮ ದೊಡ್ಡಮ್ಮ ಹೇಳಿದ್ದು ಗಾಳಿಮಾತಲ್ಲ, ಅದು ಮನುಸ್ಮೃತಿ 3ನೇ ಅಧ್ಯಾಯದಲ್ಲಿ ಬರುತ್ತೆ, ನಕ್ಷತ್ರ, ಮರ, ನದಿ, ಬೆಟ್ಟ, ಹಕ್ಕಿ, ಹಾವು ಇಂಥಾ ಹೆಸರಿರೋ ಕನ್ಯೆಯನ್ನ ವರಿಸಬಾರದು ಅಂತ. ಆದ್ರೆ ಅದನ್ನ ಹಿಡ್ಕೊಂಡು ಹೊರಟ್ರೆ ಕಾವೇರಿ ಒಂದೇ ಅಲ್ಲ, ರೋಹಿಣಿ ಹೋಯ್ತು, ರೇವತಿ ಹೋಯ್ತು, ಅಶ್ವಿನಿನೂ ಹೋಯ್ತು. ನಮ್ಮ ಅಶ್ವಿನಿ ಪೊನ್ನಪ್ಪ 2011ರಲ್ಲಿ ವಿಶ್ವ ಬ್ಯಾಡ್ಮಿಂಟನ್ ಚಾಂಪಿಯನ್‌ಶಿಪ್ ಡಬಲ್ಸಲ್ಲಿ ಕಂಚು ತಂದಾಗ ಇದು ನಕ್ಷತ್ರದ ಹೆಸರು ಅಂತ ಯಾರಾದ್ರೂ ತಕರಾರು ತೆಗೆದ್ರಾ? ಗಂಗಾ, ಯಮುನಾ, ಶರಾವತಿ, ತುಂಗಾ, ನೇತ್ರಾವತಿ ಅಂತ ನಾಡಿನ ತುಂಬಾ ಹೆಣ್ಮಕ್ಕಳಿದ್ದಾರೆ. ದೊಡ್ಡಮ್ಮ ದಿನಾ ಸ್ನಾನ ಮಾಡುವಾಗ ಗಂಗೇ ಚ ಯಮುನೇ ಚೈವ ಅಂತ ಹೇಳ್ತಾರಾ ಕೇಳಿ, ಹೇಳೋದಾದ್ರೆ ಆ ಶ್ಲೋಕದ ಏಳು ನದಿಗಳಲ್ಲಿ ಕೊನೆಗೆ ಬರೋದು ಯಾರು ಅಂತಲೂ ಕೇಳಿ.

ಹೆಸರಿನ ಅರ್ಥ ಕವೇರನ ಮಗಳು ಅಂತ. ಬ್ರಹ್ಮನ ಮಗಳು ಲೋಪಾಮುದ್ರೆ, ಮಕ್ಕಳಿಲ್ಲದ ಕವೇರ ಮುನಿ ಅವಳನ್ನ ಸಾಕಿದ, ಅದಕ್ಕೆ ಕಾವೇರಿ. ಆಮೇಲೆ ಅಗಸ್ತ್ಯರನ್ನ ಮದುವೆಯಾದ್ಲು, ಅವರು ಕಮಂಡಲದಲ್ಲಿಟ್ಟು ಎಲ್ಲಿಗೋ ಹೋದ್ರು, ಅವಳು ಹೊರಗೆ ಹರಿದುಬಿಟ್ಲು. ಬಲಮುರೀಲಿ ಜನ ತಡೆಯೋಕೆ ಹೋದಾಗ ನೀರಿನ ರಭಸಕ್ಕೆ ಹೆಂಗಸರ ಸೀರೆ ನೆರಿಗೆ ಹಿಂದಕ್ಕೆ ಹೋಯ್ತು, ಕೊಡವ ಹೆಂಗಸರು ನೆರಿಗೆ ಹಿಂದೆ ಉಡೋದು ಅದಕ್ಕೇ ಅಂತ ನಮ್ಮ ಕಡೆ ಹೇಳ್ತಾರಲ್ಲ, ಅದೇ ಕಥೆ. ಯೋಚನೆ ಮಾಡಿ, ಗಂಡ ಮುಚ್ಚಿಟ್ರೂ ನಿಲ್ಲದೆ ತನ್ನ ದಾರಿ ತಾನೇ ಹಿಡಿದವಳ ಹೆಸರು. ಮದುವೆಗೆ ತೊಂದ್ರೆ ಅಂತ ದೊಡ್ಡಮ್ಮ ಹೇಳಿದ್ದು ಈ ಲೆಕ್ಕದಲ್ಲಾದ್ರೆ ಮಾತ್ರ ನಾನು ಒಪ್ತೀನಿ. 🙂

ಭಾಗಮಂಡಲ ಕಡೆಯವ:

ಮೇಷ್ಟ್ರೇ ಸೂಪರ್. ನಾವು ಅರೆಭಾಷೆ ಗೌಡ್ರು, ನಮ್ಮಲ್ಲೂ ಈ ಹೆಸರು ಉಂಟು, ಕೊಡವರದ್ದು ಮಾತ್ರ ಅಂತ ತಿಳ್ಕೊಬೇಡಿ. ಹುಡುಗರಿಗೂ ಉಂಟಲ್ಲ, ಕಾವೇರಪ್ಪ, ಕಾವೇರಿಯಪ್ಪ ಅಂತ. ಕರ್ನಾಟಕ ಟೀಮಿನ ಫಾಸ್ಟ್ ಬೌಲರ್ ವಿದ್ವತ್ ಕಾವೇರಪ್ಪ ನೋಡಿಲ್ವಾ. ಒಂದೇ ಹೊಳೆ ಹೆಸರು ಅಜ್ಜಂಗೂ ಆಗುತ್ತೆ ಮೊಮ್ಮಗಳಿಗೂ ಆಗುತ್ತೆ.

ಹಳೇ ಹೆಸರು ಅನ್ನೋರಿಗೆ ಒಂದು ಮಾತು. ಪೂವಮ್ಮ ಅನ್ನೋ ಹೆಸರನ್ನೂ ಹಳೇದು ಅಂತಿದ್ರು, ಎಂ.ಆರ್. ಪೂವಮ್ಮ ಏಷ್ಯನ್ ಗೇಮ್ಸ್ ರಿಲೇಲಿ ಚಿನ್ನ ಗೆದ್ಮೇಲೆ ಯಾರೂ ಹಾಗೆ ಹೇಳಿದ್ದು ನಾ ಕೇಳಿಲ್ಲ. ಆದ್ರೆ ಒಂದು ಒಪ್ಕೊಬೇಕು, ನಮ್ಮೂರಲ್ಲಿ ಈಗ ಕಾವೇರಿ ಅಂದ್ರೆ ಜಾಸ್ತಿ ಐವತ್ತು ದಾಟಿದ ಹೆಂಗಸರೇ. ಅಂಗನವಾಡಿಗೆ ಹೋಗಿ ಹಾಜರಿ ಪುಸ್ತಕ ನೋಡಿದ್ರೆ ಎರಡಕ್ಷರದ ಹೆಸರುಗಳು, ಅರ್ಥ ಕೇಳಿದ್ರೆ ಅಪ್ಪ ಅಮ್ಮನೇ ಫೋನ್ ತೆಗೆದು ಹುಡುಕ್ತಾರೆ.

ಶ್ರೀರಂಗಂ ಸೊಸೆ, ಊರು ನಾಪೋಕ್ಲು:

ನಾನು ಮದುವೆಯಾಗಿ ಬಂದಿದ್ದು ತಿರುಚ್ಚಿಗೆ, ಮನೆ ಶ್ರೀರಂಗದಲ್ಲಿ. ನಮ್ಮೂರಲ್ಲಿ ಕೈಯಲ್ಲಿ ಮುಚ್ಚಬಹುದಾದಷ್ಟು ಇರೋ ಹೊಳೆ ಇಲ್ಲಿ ದ್ವೀಪನೇ ಸುತ್ಕೊಂಡು ಹರಿಯುತ್ತೆ, ಒಂದು ಕಡೆ ಕಾವೇರಿ ಇನ್ನೊಂದು ಕಡೆ ಕೊಳ್ಳಿಡಂ. ಮಗಳು ಹುಟ್ಟಿದಾಗ ನಾನೂ ಇದೇ ಹೆಸರು ಬೇಕು ಅಂದೆ, ಒಳಗೊಳಗೇ ಭಯ, ಇವರು ಕರ್ನಾಟಕ ತಮಿಳ್ನಾಡು ಅಂತ ಎಲ್ಲಿ ಶುರು ಮಾಡ್ತಾರೋ ಅಂತ. ಮಾವ ಅವತ್ತೇ ಅಕ್ಕಪಕ್ಕದ ಮನೆಗೆಲ್ಲ ಹೋಗಿ, ತಲಕಾವೇರಿ ಊರಿಂದ ಬಂದ ಸೊಸೆ ಮಗಳಿಗೆ ಕಾವೇರಿ ಅಂತ ಹೆಸರು ಅಂತ ಹೇಳ್ಕೊಂಡು ಬಂದ್ರು. ಇಲ್ಲಿ ಆಡಿ ತಿಂಗಳ ಹದಿನೆಂಟಕ್ಕೆ, ಅಂದ್ರೆ ಆಗಸ್ಟ್ ಶುರುವಲ್ಲಿ, ಹೆಂಗಸರೆಲ್ಲ ಹೊಳೆ ದಡಕ್ಕೆ ಹೋಗಿ ಪೂಜೆ ಮಾಡಿ ಚಿತ್ರಾನ್ನ ಮೊಸರನ್ನ ಕಟ್ಕೊಂಡು ಹೋಗಿ ಅಲ್ಲೇ ಊಟ ಮಾಡ್ತಾರೆ, ಬಸುರಿಗೆ ಬಳೆ ತೊಡಿಸೋ ಹಾಗೆ ಹೊಳೆಗೂ ಬಳೆ ಕೊಡ್ತಾರೆ. ನನ್ ಮಗಳಿಗೆ ಆವತ್ತು ರಾಜಮರ್ಯಾದೆ.

ತಮಿಳರು ಅರ್ಥನ ಬೇರೆ ಥರ ಹೇಳ್ತಾರೆ, ಕಾ ಅಂದ್ರೆ ತೋಪು, ವಿರಿ ಅಂದ್ರೆ ಹರಡೋದು, ಹೋದಲ್ಲೆಲ್ಲ ತೋಪು ಬೆಳೆಸೋಳು ಅಂತ. ಪೊನ್ನಿ ಅಂತಲೂ ಕರೀತಾರೆ, ನಮ್ಮ ಪೊನ್ನಪ್ಪ ಪೊನ್ನಮ್ಮ ಇದ್ದಾರಲ್ಲ ಅದೇ ಪೊನ್ನು, ಚಿನ್ನ. ನಂಗೆ ಕವೇರನ ಮಗಳಿಗಿಂತ ಈ ತೋಪಿನ ಅರ್ಥನೇ ಇಷ್ಟ, ಮೇಷ್ಟ್ರು ಬೇಜಾರು ಮಾಡ್ಕೊಬಾರ್ದು.

ಕುಶಾಲನಗರ ಸೈಬರ್:

ನೀವೆಲ್ಲ ಅರ್ಥ ಹೇಳಿದ್ರಿ, ನಾನು ಕಾಗದದ ವಿಷಯ ಹೇಳ್ತೀನಿ, ನನ್ ಹೊಟ್ಟೆಪಾಡೇ ಅದು. ದಿನಾ ಆಧಾರ್, ಪಾಸ್‌ಪೋರ್ಟ್, ಸ್ಕಾಲರ್‌ಶಿಪ್ ಅರ್ಜಿ ತುಂಬೋನು ನಾನು, ನನ್ ಅನುಭವದಲ್ಲಿ ಹೆಸರಿಂದ ಆಗೋ ತೊಂದ್ರೆ ಎಲ್ಲ ಸ್ಪೆಲ್ಲಿಂಗ್‌ದೇ.

ಕನ್ನಡದಲ್ಲಿ ಕಾವೇರಿ ಒಂದೇ ಥರ. ಇಂಗ್ಲಿಷಲ್ಲಿ ಬ್ರಿಟಿಷರ ಕಾಲದ್ದು ಸಿ ಎ ಯು ವಿ ಇ ಆರ್ ವೈ, 1990ರಲ್ಲಿ ಮಾಡಿದ ನೀರಿನ ಟ್ರಿಬ್ಯೂನಲ್ ಹೆಸರಲ್ಲೂ ಅದೇ ಇರೋದು, ಗೋಣಿಕೊಪ್ಪ ಕಾಲೇಜಿನ ಬೋರ್ಡಲ್ಲೂ ಅದೇ. ಈಗಿನೋರು ಕೆ ಎ ವಿ ಇ ಆರ್ ಐ ಬರೀತಾರೆ. ಮಧ್ಯದಲ್ಲಿ ಕೆ ಇಂದ ಶುರು ಮಾಡಿ ವೈ ಇಂದ ಮುಗಿಸೋರು, ಎರಡು ಎ ಹಾಕೋರು, ಎಲ್ರೂ ಇದಾರೆ. ಒಬ್ಬಳು ಹುಡುಗಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಒಂದು, ಆಧಾರಲ್ಲಿ ಇನ್ನೊಂದು, ಬ್ಯಾಂಕಲ್ಲಿ ಮೂರನೇದು, ಅಪ್ಪ ಪಾಪ ಕಾಫಿ ಕುಯ್ಲಿನ ಟೈಮಲ್ಲಿ ಕೆಲಸ ಬಿಟ್ಟು ಅಫಿಡವಿಟ್ ಹಿಡ್ಕೊಂಡು ಆಫೀಸಿಂದ ಆಫೀಸಿಗೆ ಅಲೆದ್ರು. ನನ್ ಕೇಳಿದ್ರೆ ಕೆ ಇಂದ ಬರೆದು ಐ ಇಂದ ಮುಗಿಸಿ, ಕೇಳಿಸಿದ ಹಾಗೇ ಬರೆಯೋದು, ಯಾವ ಗುಮಾಸ್ತನೂ ತಪ್ಪು ಮಾಡೋ ಚಾನ್ಸ್ ಕಮ್ಮಿ. ಸಿ ಚೆನ್ನಾಗಿ ಕಾಣುತ್ತೆ ಅಂತ ಅಂದ್ರೆ ಸಿ ಇಡಿ, ಆದ್ರೆ ಎಲ್ಲಾ ಕಡೆ ಅದೇ ಇರ್ಲಿ.

ಹೆಸರು ಕೊಡೋಕೆ ಗಡಿಬಿಡಿ ಬೇಡ. ಹುಟ್ಟಿದ್ದನ್ನ 21 ದಿನದೊಳಗೆ ತಿಳಿಸ್ಬೇಕು, ಆಸ್ಪತ್ರೇಲಿ ಹುಟ್ಟಿದ್ರೆ ಅವರೇ ಕಳಿಸಿರ್ತಾರೆ. ಹೆಸರಿಲ್ದೆ ರಿಜಿಸ್ಟರ್ ಆಗಿದ್ರೆ 12 ತಿಂಗಳೊಳಗೆ ಫೀಸಿಲ್ದೆ ಸೇರಿಸ್ಬಹುದು, ಆಮೇಲೆ 15 ವರ್ಷದ ತನಕ ಲೇಟ್ ಫೀ ಕಟ್ಟಿ ಸೇರಿಸ್ಬಹುದು. ಆದ್ರೆ ಸೇರಿಸಿದ್ಮೇಲೆ ಬದಲಾಯಿಸೋದು ಸುಲಭ ಇಲ್ಲ. 2023ರ ಅಕ್ಟೋಬರ್ 1ರಿಂದ ಹೊಸ ಕಾನೂನು ಬಂದಿದೆ, ಅಲ್ಲಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಸ್ಕೂಲ್ ಅಡ್ಮಿಷನ್ನಿಂದ ಹಿಡಿದು ಡ್ರೈವಿಂಗ್ ಲೈಸೆನ್ಸ್, ವೋಟರ್ ಲಿಸ್ಟ್ ತನಕ ಹುಟ್ಟಿದ ತಾರೀಕಿಗೆ ಬರ್ತ್ ಸರ್ಟಿಫಿಕೇಟೇ ದಾಖಲೆ. ಅದಕ್ಕೇ ಪ್ರಿಂಟ್ ಕೊಡೋ ಮುಂಚೆ ಸ್ಕ್ರೀನಲ್ಲಿ ಒಂದೊಂದೇ ಅಕ್ಷರ ಓದಿ.

ಬಿಟ್ಟವಳು, ಮಡಿಕೇರಿ:

ಬಿಟ್ಟೋರು ಇದ್ರೆ ಹೇಳಿ ಅಂದ್ರಲ್ಲ, ನಾನು. ಜಾತಕದಲ್ಲಿ ಬೇರೆ ಅಕ್ಷರ ಬಂತು ಅಂತ ನಮ್ಮನೇಲಿ ಬೇಡ ಅಂದ್ರು. ಕಾ ಅಕ್ಷರ ಬರೋದು ಮೃಗಶಿರಾ ಮೂರನೇ ಪಾದಕ್ಕಂತೆ, ನನ್ ಮಗಳದ್ದು ಬೇರೆ ನಕ್ಷತ್ರ. ಈಗ ಅವಳಿಗೆ ಇರೋ ಹೆಸರೂ ಚೆನ್ನಾಗೇ ಇದೆ, ನಂಗೇನು ಬೇಸರ ಇಲ್ಲ. ಬೇಕಾದ್ರೆ ಜಾತಕಕ್ಕೆ ಒಂದು, ಕರೆಯೋಕೆ ಒಂದು ಅಂತ ಎರಡು ಇಡಬಹುದು, ಸುಮಾರು ಜನ ಹಾಗೇ ಮಾಡೋದು.

ಹೊಸ ಅಮ್ಮ, ವಿರಾಜಪೇಟೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರು ಹೇಳಿದ್ದನ್ನ ದೊಡ್ಡಮ್ಮಂಗೆ ಓದಿ ಹೇಳ್ದೆ, ಶ್ಲೋಕದ ಮಾತು ಬಂದ ತಕ್ಷಣ ವಿಷಯ ಬದಲಾಯಿಸಿ ಮಗೂಗೆ ಸ್ನಾನ ಆಯ್ತಾ ಅಂತ ಕೇಳಿದ್ರು. ಸುಂಟಿಕೊಪ್ಪ ಆಂಟಿ ನೀವು ಹೇಳಿದ ಹಾಗೆ ಅತ್ತೆನ ಕೇಳ್ದೆ, ಅವರು ನಕ್ಕು, ನಮ್ಮತ್ತೆ ನನ್ನ ಬೈದಿದ್ದಕ್ಕೆಲ್ಲ ಈಗ ಲೆಕ್ಕ ತೀರಿಸ್ತೀನಿ ಬಿಡು ಅಂದ್ರು. ಹಾಗಾಗಿ ಕಾವೇರಿ ಅಂತಲೇ, ಕೆ ಇಂದ. ಯಜಮಾನ್ರು ಇನ್ನೂ ಸ್ವಲ್ಪ ಮುಖ ಗಂಟಿಕ್ಕಿದಾರೆ, ಆದ್ರೆ ನಿನ್ನೆ ರಾತ್ರಿ ಅವರೇ ಕಾವೂ ಅಂತ ಕರೆದು ಎತ್ಕೊಂಡಿದ್ದು ನಾನು ಕೇಳಿಸ್ಕೊಂಡೆ. ಸೈಬರ್ ಅಣ್ಣ, ಇನ್ನೊಂದೇ ಡೌಟು, ಮನೆ ಹೆಸರು ಮುಂದೆ ಹಾಕೋದಾ ಹಿಂದೆನಾ?

ಕುಶಾಲನಗರ ಸೈಬರ್:

ಅದೊಂದು ದೊಡ್ಡ ತಲೆನೋವು ಅಕ್ಕ. ನಮ್ಮ ಪದ್ಧತಿಲಿ ಮನೆ ಹೆಸರು ಮೊದ್ಲು ಬರುತ್ತೆ, ಕೊಡಂದೇರ ಮಾದಪ್ಪ ಕಾರ್ಯಪ್ಪ ಅಂತ ಫೀಲ್ಡ್ ಮಾರ್ಷಲ್ ಹೆಸರಿರೋ ಹಾಗೆ. ಹೊರಗಡೆಯವರು ಕೊನೇಲಿರೋದೇ ಮನೆತನದ ಹೆಸರು ಅಂದ್ಕೋತಾರೆ. ಟೆನಿಸ್ ಆಡ್ತಿದ್ದ ಮಚ್ಚಂಡ ರೋಹನ್ ಬೋಪಣ್ಣ ನೋಡಿ, ಮನೆ ಹೆಸರು ಮಚ್ಚಂಡ, ಬೋಪಣ್ಣ ಅವರಪ್ಪನ ಹೆಸರು, ಆದ್ರೆ ಪ್ರಪಂಚಕ್ಕೆಲ್ಲ ಅವರು ಬೋಪಣ್ಣ ಫ್ಯಾಮಿಲಿಯವರು. ಬರ್ತ್ ಸರ್ಟಿಫಿಕೇಟಲ್ಲಿ ನಿಮಗೆ ಬೇಕಾದ ಹಾಗೆ ಹಾಕ್ಸಿ, ಆದ್ರೆ ಬರೀ ಇನಿಶಿಯಲ್ ಬೇಡ, ಬಿಡಿಸಿ ಬರೆಸಿ, ಪಾಸ್‌ಪೋರ್ಟ್ ಅರ್ಜೀಲಿ ಇನಿಶಿಯಲನ್ನ ಬಿಡಿಸಿ ಬರೀಬೇಕು, ಸರ್ನೇಮ್ ಕಾಲಂ ಬೇರೆ ಇರುತ್ತೆ, ಅಲ್ಲಿ ಜನ ಒದ್ದಾಡ್ತಾರೆ. ನಿಮ್ಮೆಜಮಾನ್ರ ಪಾಸ್‌ಪೋರ್ಟಲ್ಲಿ ಸರ್ನೇಮ್ ಅಂತ ಏನಿದೆಯೋ ಅದೇ ಮಗೂಗೂ ಇರ್ಲಿ. ಹೋಗುವಾಗ ಅದರ ಜೆರಾಕ್ಸ್ ಒಂದು ತಗೊಂಡು ಹೋಗಿ.