ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ: ದರ್ಜೆಗಳ ನಡುವಿನ ವ್ಯತ್ಯಾಸವೇನು?

ಪ್ರಶ್ನೆ:
ಪಿಎಚ್‌ಡಿಗೆ ಮಾರ್ಗದರ್ಶಕರನ್ನು ಹುಡುಕುತ್ತಿದ್ದೇನೆ. ನನ್ನ ವಿಷಯಕ್ಕೆ ತೀರಾ ಹತ್ತಿರದ ಕೆಲಸ ಮಾಡುತ್ತಿರುವ ಇಬ್ಬರಲ್ಲಿ ಒಬ್ಬರು ಅಮೆರಿಕದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್, ಇನ್ನೊಬ್ಬರು ಬ್ರಿಟನ್ನಿನಲ್ಲಿ ಲೆಕ್ಚರರ್. ಸಹಾಯಕ ಪ್ರಾಧ್ಯಾಪಕರೆಂದರೆ ಹಿರಿಯರೊಬ್ಬರ ಕೈಕೆಳಗೆ ದುಡಿಯುವವರೇ? ಸಂಶೋಧನಾ ವಿದ್ಯಾರ್ಥಿಗಳನ್ನು ಸ್ವತಂತ್ರವಾಗಿ ತೆಗೆದುಕೊಳ್ಳಲು ಅವರಿಗೆ ಸಾಧ್ಯವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
‘ಸಹಾಯಕ’ ಎಂಬ ಪದ ಅನೇಕರ ದಾರಿ ತಪ್ಪಿಸಿದೆ. ಅಮೆರಿಕದ ಸಹಾಯಕ ಪ್ರಾಧ್ಯಾಪಕರು ಯಾರ ಸಹಾಯಕರೂ ಅಲ್ಲ. ತಮ್ಮದೇ ಪ್ರಯೋಗಾಲಯ ನಡೆಸುತ್ತಾರೆ, ತಮ್ಮ ಹೆಸರಿನಲ್ಲೇ ಅನುದಾನ ತರುತ್ತಾರೆ, ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುತ್ತಾರೆ. ಅವರಿಗೆ ಇಲ್ಲದಿರುವುದು ಟೆನ್ಯೂರ್, ಅಂದರೆ ಸೇವಾ ಭದ್ರತೆ. ಅಲ್ಲಿನ ಅಧ್ಯಾಪಕರ ಸಂಘವು 1940ರಲ್ಲಿ ಹೊರಡಿಸಿದ ಹೇಳಿಕೆಯ ಪ್ರಕಾರ ಪರೀಕ್ಷಾವಧಿ (ಹುದ್ದೆ ಕಾಯಂ ಆಗುವ ಮುಂಚಿನ ಪ್ರೊಬೇಷನ್ ಅವಧಿ) 7 ವರ್ಷಗಳನ್ನು ಮೀರಬಾರದು. ಹಾಗಾಗಿ ಸಾಮಾನ್ಯವಾಗಿ ಆರನೆಯ ವರ್ಷದಲ್ಲಿ ಅವರ ಪ್ರಕಟಣೆಗಳು, ಬೋಧನೆಯ ಬಗ್ಗೆ ವಿದ್ಯಾರ್ಥಿಗಳು ಕೊಟ್ಟ ಅಭಿಪ್ರಾಯಗಳು, ಬೇರೆ ವಿಶ್ವವಿದ್ಯಾಲಯಗಳ ವಿದ್ವಾಂಸರು ಗೋಪ್ಯವಾಗಿ ಬರೆದ ಮೌಲ್ಯಮಾಪನ ಪತ್ರಗಳು ಒಂದೇ ಕಡತದಲ್ಲಿ ಸೇರಿ, ವಿಭಾಗದಿಂದ ಆರಂಭಿಸಿ ಒಂದೊಂದೇ ಹಂತ ದಾಟುತ್ತವೆ. ಗೆದ್ದವರು ಸಹ ಪ್ರಾಧ್ಯಾಪಕರಾಗುತ್ತಾರೆ. ಸೋತವರಿಗೆ ಹೆಚ್ಚಿನ ಕಡೆ ಉಳಿಯುವುದು ಇನ್ನೊಂದೇ ವರ್ಷ. ಈ ಪದ್ಧತಿಯ ಅತ್ಯಂತ ಕಠಿಣವಾದ ಭಾಗ ಇದೇ ಎಂದು ನಾನು ಭಾವಿಸುತ್ತೇನೆ. ಮುಂದೆ ಪೂರ್ಣ ಪ್ರಾಧ್ಯಾಪಕರಾಗಲು ಅಂತಹ ಗಡುವಿಲ್ಲ. ಸಹ ಪ್ರಾಧ್ಯಾಪಕರಾಗಿಯೇ ನಿವೃತ್ತರಾಗುವವರೂ ಇದ್ದಾರೆ.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ, ಆದರೆ ಅದನ್ನು ಬ್ರಿಟನ್ನಿಗೆ ಅನ್ವಯಿಸುವಂತಿಲ್ಲ. ಅಲ್ಲಿನ ಸಾಂಪ್ರದಾಯಿಕ ಶ್ರೇಣಿ ಲೆಕ್ಚರರ್, ಸೀನಿಯರ್ ಲೆಕ್ಚರರ್, ರೀಡರ್, ಪ್ರೊಫೆಸರ್ ಎಂದಿದ್ದು, ಕೊನೆಯ ಬಿರುದು ಕೆಲವರಿಗಷ್ಟೇ ಸಲ್ಲುತ್ತದೆ. ಈಚೆಗೆ ಕೆಲವು ವಿಶ್ವವಿದ್ಯಾಲಯಗಳು ಅಮೆರಿಕದ ಪದನಾಮಗಳನ್ನೇ ಬಳಸುತ್ತಿವೆ. 1988ರ ಶಿಕ್ಷಣ ಸುಧಾರಣಾ ಕಾಯ್ದೆಯ ನಂತರ ಹೊಸದಾಗಿ ನೇಮಕಗೊಂಡವರಿಗೆ ಹಳೆಯ ರೀತಿಯ ಟೆನ್ಯೂರ್ ಇಲ್ಲ. ಆದರೂ ಪರೀಕ್ಷಾವಧಿ ಮುಗಿಸಿದ ಲೆಕ್ಚರರ್ ಹುದ್ದೆ ಸಾಮಾನ್ಯವಾಗಿ ಕಾಯಂ ಆಗಿರುತ್ತದೆ. ಅಮೆರಿಕದಲ್ಲಿ ಇದೇ ಹೆಸರಿನ ಹುದ್ದೆ ಬಹುತೇಕ ಬೋಧನೆಗೆ ಸೀಮಿತವಾದುದು, ಟೆನ್ಯೂರ್ ದಾರಿಯಿಂದ ಹೊರಗಿನದು. ಆದ್ದರಿಂದ ನೀವು ಹೇಳಿದ ಇಬ್ಬರೂ ಹೆಚ್ಚುಕಡಿಮೆ ಒಂದೇ ಮಟ್ಟದವರು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ನನ್ನ ಸಂಶೋಧನೆಯ ನಡುವೆಯೇ ಸಹಾಯಕ ಪ್ರಾಧ್ಯಾಪಕರು ಹುದ್ದೆ ಕಳೆದುಕೊಂಡರೆ ನನ್ನ ಗತಿಯೇನು?

ಉತ್ತರ 1:
ಈ ಆತಂಕ ಸಹಜವಾದದ್ದೇ. ಅಮೆರಿಕದಲ್ಲಿ ಪಿಎಚ್‌ಡಿಗೆ ಐದಾರು ವರ್ಷ ಹಿಡಿಯುವುದರಿಂದ ಅವರ ಟೆನ್ಯೂರ್ ಪರಿಶೀಲನೆ ನಿಮ್ಮ ಅವಧಿಯಲ್ಲೇ ಬರಬಹುದು. ಅವರು ಸೇರಿ ಎಷ್ಟು ವರ್ಷವಾಯಿತು, ಪರೀಕ್ಷಾವಧಿಯ ನಡುವೆ ನಡೆಯುವ ಪರಿಶೀಲನೆ ಮುಗಿದಿದೆಯೇ, ಅಗತ್ಯ ಬಿದ್ದರೆ ವಿಭಾಗದ ಯಾರು ಸಹ ಮಾರ್ಗದರ್ಶಕರಾಗಬಲ್ಲರು ಎಂಬುದನ್ನು ಅವರನ್ನೇ ವಿನಯದಿಂದ ಕೇಳಿ. ಅವರ ಈಗಿನ ವಿದ್ಯಾರ್ಥಿಗಳೊಂದಿಗೂ ಒಮ್ಮೆ ಮಾತನಾಡಿ. ವಾರಕ್ಕೆ ಎಷ್ಟು ಹೊತ್ತು ಸಿಗುತ್ತಾರೆ, ಕರಡನ್ನು ಓದಿ ಎಷ್ಟು ದಿನದಲ್ಲಿ ಹಿಂದಿರುಗಿಸುತ್ತಾರೆ ಎಂಬುದು ಯಾವ ಪದನಾಮದಿಂದಲೂ ತಿಳಿಯುವುದಿಲ್ಲ.