ಪದಚರ್ಚೆ: ಬೆಳೆಯುವ ಮೇಕೆಮರಿಯ ‘ಬಾಡಿ ಕಾಂಪೋಸಿಷನ್’, ‘ಮಿನರಲ್ ಕಂಟೆಂಟ್’ ಕನ್ನಡದಲ್ಲಿ ಹೇಗೆ? ಅರ್ಜೆಂಟ್

ಹಾಸನ:

ಎಲ್ಲರಿಗೂ ನಮಸ್ಕಾರ. ಮೇಕೆ ಸಾಕುವವರ ತರಬೇತಿಗೆ ಒಂದು ದೊಡ್ಡ ಫ್ಲೆಕ್ಸ್ ಆಗಬೇಕಾಗಿದೆ. ಇಂಗ್ಲಿಷ್ ಪಠ್ಯ ನನ್ನ ಕೈಗೆ ಬಂದಿದೆ, ಕನ್ನಡ ಮಾಡಿ ನಾಳೆ ಮಧ್ಯಾಹ್ನದೊಳಗೆ ಪ್ರಿಂಟಿಗೆ ಕೊಡಬೇಕು. ಸಾನೆನ್, ಆಲ್ಪೈನ್ ಥರದ ಹಾಲಿನ ತಳಿಗಳ ಮರಿಗಳು ಬೆಳೆಯುತ್ತಾ ಹೋದ ಹಾಗೆ ಮೈಯಲ್ಲಿ ನೀರು, ಪ್ರೋಟೀನು, ಕೊಬ್ಬು, ಖನಿಜ ಹೇಗೆ ಬದಲಾಗುತ್ತವೆ ಅನ್ನುವುದು ವಿಷಯ.

ನಾಲ್ಕು ಪದ ಕಾಡುತ್ತಿವೆ. ಬಾಡಿ ಕಾಂಪೋಸಿಷನ್, ಮಿನರಲ್ ಕಂಟೆಂಟ್, ಆ್ಯಶ್, ಎಂಪ್ಟಿ ಬಾಡಿ ವೆಯ್ಟ್. ಸದ್ಯಕ್ಕೆ ದೇಹ ಸಂಯೋಜನೆ, ಖನಿಜಾಂಶ, ಬೂದಿ, ಖಾಲಿ ದೇಹತೂಕ ಅಂತ ಹಾಕಿದ್ದೇನೆ. ಓದುವವರು ಏಳನೇ ಕ್ಲಾಸು, ಎಸ್ಸೆಲ್ಸಿ ಮಾಡಿದವರು. ನಿಂತುಕೊಂಡು ಓದುವ ಫ್ಲೆಕ್ಸ್, ಪುಸ್ತಕ ಅಲ್ಲ. ದಯವಿಟ್ಟು ಬೇಗ ಹೇಳಿ.

ಅರಸೀಕೆರೆ:

ಸಂಯೋಜನೆ ಬೇಡವೇ ಬೇಡ. ಅದು ಸಂಗೀತದವರದು. ಸಂಯೋಜಕರು ಅಂದರೆ ಕಾರ್ಯಕ್ರಮ ನಡೆಸುವವರು. ಮೇಕೆಗೆ ಅದೆಲ್ಲ ಯಾಕೆ?

ಒಡಲು ನಮ್ಮದೇ ಮಾತು, ಅಡಕವೂ ನಮ್ಮದೇ. ‘ಒಡಲಡಕ’ ಅನ್ನಿ. ಖನಿಜಾಂಶಕ್ಕೆ ‘ಅದಿರಳವು’. ಖಾಲಿ ಅರಬ್ಬಿಯಿಂದ ಬಂದದ್ದು, ‘ಬರಿಯೊಡಲ ತೂಕ’ ಎಂದರೆ ಮುಗಿಯಿತು. ಹತ್ತು ಸಲ ಓದಿದರೆ ರೂಢಿಯಾಗುತ್ತದೆ. ಮೊದಲ ಸಲಕ್ಕೇ ರೂಢಿಯಾಗಬೇಕು ಅಂದರೆ ಯಾವ ಮಾತೂ ಹುಟ್ಟುತ್ತಿರಲಿಲ್ಲ.

ಕಡೂರು:

ಮೇಷ್ಟ್ರೇ, ನಮ್ಮ ಕಡೆ ಒಡಲು ಅಂದರೆ ಹೊಟ್ಟೆ. ಹೆಣ್ಣು ಮೇಕೆಯ ಒಡಲಡಕ ಅಂತ ಬರೆದರೆ ಓದಿದವನು ‘ಎಷ್ಟು ಮರಿ ಇದೆ’ ಅಂತ ಕೇಳುತ್ತಾನೆ. ನಮ್ಮ ಮನೆಯಲ್ಲಿ ಮೇಕೆ ಇವೆ, ಅದಕ್ಕೇ ಹೇಳಿದೆ.

ಮೂಡಿಗೆರೆ:

ಅದಿರು ಅಂದರೆ ನಮ್ಮ ಜಿಲ್ಲೆಯವರ ಕಣ್ಣಿಗೆ ಬರುವುದು ಕುದುರೆಮುಖ. ಕಬ್ಬಿಣದ ಅದಿರು. 2005ರ ಕೊನೆಗೆ ಗಣಿ ನಿಂತಿತು, ಮಾತು ಮಾತ್ರ ಹಾಗೇ ಉಳಿದಿದೆ. ಮರಿಯ ಮೈಯಲ್ಲಿ ಅದಿರು ಇದೆ ಅಂತ ಬರೆದರೆ ಹಾರೆ ಗುದ್ದಲಿ ಹಿಡಿದು ಬರುತ್ತಾರೆ, ಅಷ್ಟೆ. ಇನ್ನೊಂದು, ಅದಿರು ಅಂದರೆ ನಡುಗು ಅಂತಲೂ ಅರ್ಥ ಇದೆ ಅಲ್ವಾ? ಅದಿರಳವು ಜಾಸ್ತಿ ಇದ್ದರೆ ಚಳಿಜ್ವರವೇ ಸರಿ.

ನನ್ನ ಓಟು ‘ಮಿನರಲ್’ಗೆ. ಅಂಗಡಿಯಲ್ಲಿ ಎಲ್ಲರೂ ಕೇಳುವುದು ಮಿನರಲ್ ಮಿಕ್ಸ್ಚರ್.

ಬೇಲೂರು:

ಪದದ ಬೇರು ನೋಡದೆ ಮಾತಾಡಿದರೆ ಹೀಗೇ. ಖನಿ ಸಂಸ್ಕೃತ, ಅದು ಕನ್ನಡಕ್ಕೆ ಬಂದು ಗಣಿ ಆಯಿತು. ಖನಿಜ ಎಂದರೆ ಗಣಿಯಲ್ಲಿ ಹುಟ್ಟಿದ್ದು. ಹೀಗೆ ಬದಲಾಗಿ ಬಂದ ಮಾತುಗಳಿಗೆ 13ನೇ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ಒಂದು ಪ್ರಕರಣ ಮಾಡಿಟ್ಟಿದ್ದಾನೆ. ಆದ್ದರಿಂದ ‘ಗಣಿಯುಪ್ಪು’ ಎಂದು ಬರೆಯಬಹುದು. ತದ್ಭವವೂ ಆಯಿತು, ಅಚ್ಚಗನ್ನಡವೂ ಆಯಿತು.

ಜೊತೆಗೆ ಒಂದು ಮಾತು. ಮೇಕೆ ಎಂಬುದು ‘ಮೇಯು’ ಧಾತುವಿನಿಂದ ಬಂದಿರಬೇಕು ಎಂದು ನನ್ನ ಅಭಿಪ್ರಾಯ. ಇದನ್ನು ಹಿಂದೆಯೂ ಇಲ್ಲಿ ಬರೆದಿದ್ದೆ, ಯಾರೂ ಉತ್ತರಿಸಲಿಲ್ಲ.

ಚಿಕ್ಕಮಗಳೂರು:

ಗಣಿಯುಪ್ಪು ಅಂತ ಫ್ಲೆಕ್ಸಿನಲ್ಲಿ ಬಿದ್ದರೆ ನಾಳೆಯಿಂದ ಮೇಕೆಗೆ ಅಡುಗೆ ಉಪ್ಪು ಸುರಿಯುತ್ತಾರೆ. ಅದರಲ್ಲಿರುವುದು ಸೋಡಿಯಂ, ಕ್ಲೋರಿನ್. ಮರಿಗೆ ಬೇಕಾದ ಕ್ಯಾಲ್ಸಿಯಂ, ರಂಜಕ ಅದರಲ್ಲಿಲ್ಲ. ದಯವಿಟ್ಟು ಇದನ್ನು ಕೈಬಿಡಿ. ಮೇಕೆ ಯಾವ ಧಾತುವಿನಿಂದ ಬಂತು ಅಂತ ಇಲ್ಲಿ ಕೇಳಿಲ್ಲ.

ಮೇಡಂ, ಪದ ಆಮೇಲೆ ನೋಡೋಣ. ಆ ಅಂಕಿಗಳನ್ನು ಹೇಗೆ ತೆಗೆಯುತ್ತಾರೆ ಅಂತ ಒಂದು ಸಲ ಓದಿ. ಪದ ತಾನಾಗಿ ಬರುತ್ತದೆ.

ಒಂದೇ ವಯಸ್ಸಿನ ಮರಿಗಳಲ್ಲಿ ಕೆಲವನ್ನು ಮೊದಲೇ ಕೊಯ್ಯುತ್ತಾರೆ. ಉಳಿದವನ್ನು ಬೆಳೆಸಿ, ಬೇರೆ ಬೇರೆ ತೂಕಕ್ಕೆ ಬಂದಾಗ ಕೊಯ್ಯುತ್ತಾರೆ. ಮೊದಲು ಕೊಯ್ದ ಮರಿಯ ಮೈಗೂ ಆಮೇಲೆ ಕೊಯ್ದದ್ದರ ಮೈಗೂ ಇರುವ ವ್ಯತ್ಯಾಸವೇ ಮರಿ ಬೆಳೆಯುತ್ತಾ ಮೈಗೆ ಹಾಕಿಕೊಂಡದ್ದು. ಬ್ರೆಜಿಲ್‌ನಲ್ಲಿ ಸಾನೆನ್ ಮರಿಗಳ ಮೇಲೆ ಈ ಕೆಲಸ ಚೆನ್ನಾಗಿ ನಡೆದಿದೆ. ಕೊಯ್ದಾಗ ರಕ್ತವನ್ನೂ ಹಿಡಿದಿಡುತ್ತಾರೆ. ಜಠರ, ಕರುಳು ಬಿಚ್ಚಿ ಒಳಗಿನ ಮೇವು, ಹಿಕ್ಕೆ ತೆಗೆದು ತೊಳೆಯುತ್ತಾರೆ. ಉಚ್ಚೆಚೀಲ, ಪಿತ್ತಕೋಶ ಬರಿದು ಮಾಡುತ್ತಾರೆ. ಆಮೇಲೆ ತೊಳೆದ ಬೋಟಿಯನ್ನು ಮತ್ತೆ ತಕ್ಕಡಿಗೆ ಹಾಕುತ್ತಾರೆ. ತಲೆ, ಕಾಲು, ಚರ್ಮ, ಗೊರಸು ಎಲ್ಲಾ ಲೆಕ್ಕಕ್ಕೆ ಬರುತ್ತವೆ. ಇದು ಎಂಪ್ಟಿ ಬಾಡಿ ವೆಯ್ಟ್.

ಹಾಗಾಗಿ ಖಾಲಿ ದೇಹ ಅಂದರೆ ಉಪವಾಸ ಕೆಡವಿದ ಮೇಕೆ ಅಲ್ಲ. ಬೋಟಿ ತೆಗೆದ ಮೇಕೆಯೂ ಅಲ್ಲ. ಕಟುಕರ ಅಂಗಡಿಯ ಮಾಂಸದ ತೂಕವಂತೂ ಅಲ್ಲವೇ ಅಲ್ಲ. ಮೇಯುವ ಮೇಕೆಯ ಹೊಟ್ಟೆಯೊಳಗಿನ ಸರಕೇ ಜೀವತೂಕದ ಶೇ. 10ರಿಂದ 20ರವರೆಗೆ ಇರುತ್ತದೆ. ಅದನ್ನು ಕಳೆಯದಿದ್ದರೆ ಬೆಳಗ್ಗೆ ತೂಗಿದ್ದು ಒಂದು, ಸಂಜೆ ತೂಗಿದ್ದು ಇನ್ನೊಂದು.

ಆಮೇಲೆ ಎಲ್ಲವನ್ನೂ ಅರೆದು, ಅದರಲ್ಲಿ ಸ್ವಲ್ಪ ತೆಗೆದು ಒಣಗಿಸಿದರೆ ನೀರೆಷ್ಟು ಗೊತ್ತಾಗುತ್ತದೆ. ಈಥರ್‌ನಲ್ಲಿ ಕೊಬ್ಬು ತೆಗೆಯುತ್ತಾರೆ. ಸಾರಜನಕ ಅಳೆದು 6.25ರಿಂದ ಗುಣಿಸಿದರೆ ಪ್ರೋಟೀನು. 550–600 ಡಿಗ್ರಿ ಕುಲುಮೆಯಲ್ಲಿ ಸುಟ್ಟು ಉಳಿದದ್ದು ಆ್ಯಶ್. ಅದನ್ನು ಆಮ್ಲದಲ್ಲಿ ಕರಗಿಸಿ ಕ್ಯಾಲ್ಸಿಯಂ ಎಷ್ಟು, ರಂಜಕ ಎಷ್ಟು ಅಂತ ನೋಡುತ್ತಾರೆ.

ಹಾಸನ:

ತುಂಬಾ ಉಪಕಾರ ಸರ್. ಈಗ ಮೊದಲ ಪದವೇ ಬೇರೆ ಥರ ಕಾಣುತ್ತಿದೆ. ‘ದೇಹದ ಘಟಕಾಂಶ’ ಆಗಬಹುದಾ?

ಕಡೂರು:

ಘಟಕ ಬೇಡ ಮೇಡಂ. ಮೇಕೆ ಸಾಕುವವರಿಗೆ ಘಟಕ ಅಂದರೆ 20+1ರ ಘಟಕ. ಇಪ್ಪತ್ತು ಹೆಣ್ಣು, ಒಂದು ಹೋತ, ಸಬ್ಸಿಡಿ. ‘ಮೈಕಟ್ಟು’ ಅಂದರೆ ಹೇಗೆ?

ಚಿಕ್ಕಮಗಳೂರು:

ಮೈಕಟ್ಟು ಹೊರಗಿನಿಂದ ಕಾಣುವುದು. ಇದು ಒಳಗಿನದು. ಮೇಕೆಯ ವಿಷಯದಲ್ಲಿ ಈ ಎರಡಕ್ಕೂ ತಾಳೆಯೇ ಆಗುವುದಿಲ್ಲ. ಮೇಕೆ ಚರ್ಮದಡಿ ಕೊಬ್ಬು ಕಮ್ಮಿ ಹಾಕುತ್ತದೆ. ಕರುಳಿನ ಸುತ್ತ, ಮೂತ್ರಪಿಂಡದ ಸುತ್ತ ಜಾಸ್ತಿ ಹಾಕುತ್ತದೆ. ಬೆನ್ನು ಸವರಿದರೆ ಮೂಳೆ ಸಿಗುತ್ತದೆ, ಬಡಕಲು ಅಂತ ಹಿಂಡಿ ಸುರಿಯುತ್ತಾರೆ. ಕೊಯ್ದಾಗ ನೋಡಿದರೆ ಒಳಗೆ ಬಿಳಿ ಬಲೆ ಹಾಸಿದ ಹಾಗೆ ಕೊಬ್ಬು. ಅದಕ್ಕೇ ಮೇಕೆಯಲ್ಲಿ ಸೊಂಟದ ಜೊತೆ ಎದೆಮೂಳೆ ಹತ್ತಿರವೂ ಮುಟ್ಟಿ ನೋಡಬೇಕು ಅನ್ನುವುದು.

ಅರಸೀಕೆರೆ:

ಕೊಬ್ಬು ಎಂದರೆ ಸೊಕ್ಕು ಎಂಬ ಅರ್ಥವೂ ಬರುತ್ತದೆ. ‘ನೆಣ’ ಎಂಬ ಒಳ್ಳೆಯ ಮಾತು ಇದೆ. ತಮಿಳಿನಲ್ಲಿ ನಿಣಂ. ನಮ್ಮ ಅಜ್ಜಂದಿರು ಬಳಸುತ್ತಿದ್ದರು. ಈಗ ಕೆಲವು ಕಡೆ ಚರ್ಬಿ ಅನ್ನುತ್ತಾರೆ, ಅದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ಕನ್ನಡದ ಮಾತು ತಂದರೆ ಮಾತ್ರ ಎಲ್ಲರಿಗೂ ನಗು.

ಮೂಡಿಗೆರೆ:

ನೆಣ ಒಳ್ಳೆಯ ಮಾತೇ. ಆದರೆ ‘ತಕರಾರು’ ಎಲ್ಲಿಂದ ಬಂತು ಸ್ವಾಮಿ?

ಅರಸೀಕೆರೆ:

ಕುಹಕಕ್ಕೆ ಉತ್ತರ ಕೊಡುವುದಿಲ್ಲ.

ಹಾಸನ:

ಜಗಳ ಆಮೇಲೆ ಆಡಿ, ನನ್ನ ಫ್ಲೆಕ್ಸ್ ಮುಗಿಯಲಿ. ಆ್ಯಶ್‌ಗೆ ಬೂದಿ ಅಂತ ಹಾಕಿದರೆ ‘ಮರಿಯ ಮೈಯಲ್ಲಿ ಬೂದಿ ಶೇ. 4’ ಅಂತ ಆಗುತ್ತದೆ. ಮನೆಯಲ್ಲಿ ಓದಿ ತೋರಿಸಿದೆ. ‘ಮೇಕೆ ಒಲೆ ಹತ್ತಿರ ಮಲಗಿತ್ತಾ’ ಅಂದರು.

ಬೇಲೂರು:

ಬೂದಿಗೆ ನಾಚಿಕೆ ಏಕೆ? ತೋಟಕ್ಕೆ ಹಾಕುವ ಪೊಟ್ಯಾಷ್ ಎಂಬ ಮಾತೇ ಬೂದಿಯದು. ಡಚ್ಚರ ಮಡಕೆ ಮತ್ತು ಬೂದಿ ಎರಡು ಪದ ಸೇರಿ ಆದದ್ದು. ಸೌದೆಯ ಬೂದಿ ನೆನೆಸಿ, ಸೋಸಿದ ನೀರನ್ನು ಮಡಕೆಯಲ್ಲಿ ಬತ್ತಿಸಿ ತೆಗೆಯುತ್ತಿದ್ದರು. ಪೊಟ್ಯಾಸಿಯಂ ಹೆಸರೂ ಅಲ್ಲಿಂದಲೇ ಬಂತು. ಅವರು ಬೂದಿ ಅನ್ನಬಹುದಾದರೆ ನಾವು ಅನ್ನಬಾರದೇ? ಹಾಗೆಯೇ ಕ್ಯಾಲ್ಸಿಯಂ ಏಕೆ? ‘ಸುಣ್ಣ’ ಎನ್ನಿ. ಲ್ಯಾಟಿನ್ನಿನಲ್ಲೂ ಅದು ಸುಣ್ಣದ ಹೆಸರೇ.

ಅರಸೀಕೆರೆ:

ಇದನ್ನು ಒಪ್ಪುತ್ತೇನೆ. ಸುಣ್ಣ ನಮ್ಮ ಮಾತು.

ಬೇಲೂರು:

ನಿಮ್ಮದಲ್ಲ. ಸಂಸ್ಕೃತದ ಚೂರ್ಣ, ಪ್ರಾಕೃತದಲ್ಲಿ ಚುಣ್ಣ, ಕನ್ನಡದಲ್ಲಿ ಸುಣ್ಣ.

ಮೂಡಿಗೆರೆ:

ಮುಗಿಯಿತಲ್ಲ. ಈ ಲೆಕ್ಕದಲ್ಲಿ ಹುಡುಕುತ್ತಾ ಹೋದರೆ ಕೊನೆಗೆ ಮೇಕೆಗೆ ಸೊಪ್ಪು ಮಾತ್ರ ಉಳಿಯುತ್ತದೆ. ಮೇಷ್ಟ್ರ ಸಹಿಯಲ್ಲಿ ‘ನಿವೃತ್ತ ಮುಖ್ಯೋಪಾಧ್ಯಾಯ’ ಅಂತಿದೆ. ಅದನ್ನು ಮೊದಲು ಕನ್ನಡ ಮಾಡಲಿ, ಆಮೇಲೆ ಮೇಕೆಯ ಕಡೆ ಬರೋಣ.

ಅರಸೀಕೆರೆ:

‘ಮಿನರಲ್’ ಅನ್ನಿ, ‘ಪ್ರೋಟೀನ್’ ಅನ್ನಿ, ‘ಫ್ಯಾಟ್’ ಅನ್ನಿ, ‘ಗೋಟ್’ ಅಂತಲೂ ಅನ್ನಿ. ಕೊನೆಗೆ ‘ಅಲ್ಲಿ’, ‘ಇಂದ’, ‘ಗೆ’ ಮಾತ್ರ ಕನ್ನಡ. ಅದಕ್ಕೊಂದು ಪದಚರ್ಚೆ ಯಾಕೆ ಬೇಕು?

ಚಿಕ್ಕಮಗಳೂರು:

ರಂಜಕ, ಸಾರಜನಕ ಅಂತ ಗೊಬ್ಬರದ ಚೀಟಿಯಲ್ಲಿ ಓದಿ ಓದಿ ರೈತರಿಗೆ ಅಭ್ಯಾಸವಾಗಿದೆ. ಪೊಟ್ಯಾಷ್ ಕೂಡ. ಒಂದೇ ಸಾಲಿನಲ್ಲಿ ಎರಡು ಸಂಸ್ಕೃತ, ಒಂದು ಪರಂಗಿ. ಯಾರಿಗೂ ಹೊಟ್ಟೆನೋವು ಬಂದಿಲ್ಲ. ಕ್ಯಾಲ್ಸಿಯಂ ಬಾಟಲಿ ಪ್ರತಿ ಹಟ್ಟಿಯಲ್ಲೂ ಇದೆ. ಸುಣ್ಣ ಅಂತ ಬರೆದರೆ ಯಾರಾದರೂ ಗೋಡೆಗೆ ಹೊಡೆಯುವ ಸುಣ್ಣ ಕಲಸಿ ಕುಡಿಸಿದರೆ ಬಾಯಿ ಬೆಂದುಹೋಗುತ್ತದೆ. ನಾನು ನೋಡಿದ್ದೇನೆ, ತಮಾಷೆಗೆ ಹೇಳುತ್ತಿಲ್ಲ.

ಬೂದಿಯೂ ಬೇಡ. ಮರಿಯ ಮೈಯಲ್ಲಿ ಬೂದಿ ಎಂಬ ವಸ್ತುವೇ ಇಲ್ಲ, ಸುಟ್ಟ ಮೇಲೆ ಉಳಿದದ್ದಕ್ಕೆ ಆ ಹೆಸರು. ರೈತನಿಗೆ ಹೇಳಬೇಕಾದ್ದು ಖನಿಜ. ಮಿಶ್ರಣದ ಪೊಟ್ಟಣದ ಮೇಲೆ ‘ಖನಿಜ ಮಿಶ್ರಣ’ ಅಂತಲೇ ಅಚ್ಚಾಗಿರುತ್ತದೆ. ಅದೇ ಪದ ಫ್ಲೆಕ್ಸಿನಲ್ಲೂ ಕಂಡರೆ ಈ ಮೈಯ ಖನಿಜ, ಆ ಪೊಟ್ಟಣದ ಖನಿಜ ಒಂದೇ ಅಂತ ತಲೆಗೆ ಹೋಗುತ್ತದೆ. ನನಗೆ ಬೇಕಾದ್ದು ಅಷ್ಟೇ. ಪದ ಯಾರ ಮನೆಯದು ಅಂತ ನಾನು ಕೇಳುವುದಿಲ್ಲ.

ಮೈಯ ಕ್ಯಾಲ್ಸಿಯಂನಲ್ಲಿ ಶೇ. 99 ಮೂಳೆ, ಹಲ್ಲಿನಲ್ಲಿರುತ್ತದೆ. ರಂಜಕ ಶೇ. 80ರ ಹತ್ತಿರ. ಮರಿ ಒಂದು ಕಿಲೋ ಬೆಳೆಯಬೇಕಾದರೆ ಮೈಗೆ ಸುಮಾರು 10 ಗ್ರಾಂ ಕ್ಯಾಲ್ಸಿಯಂ, ಆರೇಳು ಗ್ರಾಂ ರಂಜಕ ಸೇರಬೇಕು. ತಿಂದದ್ದೆಲ್ಲ ಸೇರುವುದಿಲ್ಲ, ಆದ್ದರಿಂದ ಮೇವಿನಲ್ಲಿ ಇದಕ್ಕಿಂತ ಜಾಸ್ತಿ ಬೇಕು. ಗೋಧಿ ಬೂಸಾದಲ್ಲಿ ರಂಜಕ ತುಂಬಾ, ಕ್ಯಾಲ್ಸಿಯಂ ಚೂರು. ಬೀಜ ಒಡೆಸಿದ ಗಂಡುಮರಿಗೆ ಬರೀ ಬೂಸಾ ಹಾಕಿ ಬೆಳೆಸಿದರೆ ಮೂತ್ರನಾಳದಲ್ಲಿ ಕಲ್ಲು ಕಟ್ಟುತ್ತದೆ. ಬೆನ್ನು ಬಿಲ್ಲು ಮಾಡಿ ತಿಣುಕುತ್ತಾ ನಿಂತಿರುತ್ತದೆ, ಉಚ್ಚೆ ಹನಿ ಹನಿ ಬೀಳುತ್ತದೆ. ಮಲಬದ್ಧತೆ ಅಂತ ಎಣ್ಣೆ ಕುಡಿಸುತ್ತಾರೆ. ಮಾರನೇ ದಿನ ಉಚ್ಚೆಚೀಲ ಒಡೆದು ಹೋಗಿರುತ್ತದೆ. ನಿಮ್ಮ ಪಠ್ಯದಲ್ಲಿ ಇದು ಇಲ್ಲದಿದ್ದರೆ ಒಂದು ಸಾಲು ಸೇರಿಸಿ. ನಾಲ್ಕು ಪದಕ್ಕಿಂತ ಅದು ಮುಖ್ಯ.

ಕಡೂರು:

ಎಂಪ್ಟಿ ಬಾಡಿ ವೆಯ್ಟ್‌ಗೆ ಒಂದು ಹೇಳಲಾ? ಸಂತೆಗೆ ತರುವ ಮುಂಚೆ ಹೊಟ್ಟೆ ಬಿರಿಯ ನೀರು ಕುಡಿಸಿ ತರುವವರು ಇದ್ದಾರೆ. ಕೊಳ್ಳುವವನು ಹೊಟ್ಟೆ ತಟ್ಟಿ ನೋಡಿ ‘ಮೇವು ನೀರು ಕಳೆದು ಹೇಳು’ ಅನ್ನುತ್ತಾನೆ. ‘ಮೇವು-ನೀರು ಕಳೆದ ತೂಕ’ ಅಂದರೆ ಮೇಕೆಯವರಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಚಿಕ್ಕಮಗಳೂರು:

ಇದು ಸರಿ. ನನಗೆ ಹೊಳೆದಿರಲಿಲ್ಲ.

ಬೇಲೂರು:

ಪಾರಿಭಾಷಿಕ ಪದ ಎಂದರೆ ಒಂದೇ ಪದ ಇರಬೇಕು. ವಾಕ್ಯ ಪದವಲ್ಲ.

ಕಡೂರು:

ಪದ ನೀವಿಟ್ಟುಕೊಳ್ಳಿ, ತೂಕ ನಮಗೆ ಕೊಡಿ.

ಹಾಸನ:

ಎಲ್ಲರಿಗೂ ವಂದನೆ. ಹೀಗೆ ಮಾಡಿದ್ದೇನೆ, ಒಂದು ಸಲ ಕಣ್ಣಾಡಿಸಿ.

ತಲೆಬರಹ: ಬೆಳೆಯುವ ಮೇಕೆಮರಿಯ ಮೈಯಲ್ಲಿ ಏನೇನು, ಎಷ್ಟೆಷ್ಟು?

ಮೊದಲ ಸಾಲು: ಹುಟ್ಟಿದ ಮರಿಯ ಮೈಯಲ್ಲಿ ಮುಕ್ಕಾಲು ಪಾಲು ನೀರು. ಬೆಳೆದಂತೆ ನೀರಿನ ಪಾಲು ಇಳಿಯುತ್ತದೆ, ಕೊಬ್ಬಿನ ಪಾಲು ಏರುತ್ತದೆ.

ಎರಡನೇ ಸಾಲು: ಮೇಕೆಯ ಕೊಬ್ಬು ಬೆನ್ನಿನ ಮೇಲೆ ಕಾಣುವುದಿಲ್ಲ, ಕರುಳು ಮೂತ್ರಪಿಂಡದ ಸುತ್ತ ಕೂರುತ್ತದೆ. ಎದೆಮೂಳೆಯನ್ನೂ ಮುಟ್ಟಿ ನೋಡಿ.

ಮೂರನೇ ಸಾಲು: ಜೀವತೂಕದಲ್ಲಿ ಖನಿಜಾಂಶ ಶೇ. 4ರಷ್ಟು. ಅದರಲ್ಲಿ ಹೆಚ್ಚಿನದು ಮೂಳೆಯಲ್ಲಿ.

ನಾಲ್ಕನೇ ಸಾಲು: ಗಂಡುಮರಿಗೆ ಬರೀ ಬೂಸಾ ಬೇಡ. ಸೊಪ್ಪು, ಖನಿಜ ಮಿಶ್ರಣ, ಕುಡಿಯಲು ಬೇಕಾದಷ್ಟು ನೀರು ಇರಲಿ.

ಕೆಳಗೆ ಸಣ್ಣ ಅಕ್ಷರದಲ್ಲಿ ಮೇವು-ನೀರು ಕಳೆದ ತೂಕ ಅಂದರೇನು ಅಂತ ಒಂದು ವಾಕ್ಯ ಇರುತ್ತದೆ. ನೆಣ ಹಾಕಲಿಲ್ಲ ಮೇಷ್ಟ್ರೇ, ಬೇಸರ ಮಾಡಿಕೊಳ್ಳಬೇಡಿ. ಒಡಲಡಕವನ್ನೂ ಬಿಟ್ಟಿದ್ದೇನೆ.

ಅರಸೀಕೆರೆ:

ಬೇಸರ ಇಲ್ಲ. ‘ಪ್ರೋಟೀನು’ ಎಲ್ಲೂ ಕಾಣಲಿಲ್ಲ, ಅಷ್ಟಾದರೂ ಒಳ್ಳೆಯದಾಯಿತು. ಅದಕ್ಕೆ ಬೇರೆ ಚರ್ಚೆ ಶುರು ಮಾಡುತ್ತೇನೆ.

ಮೂಡಿಗೆರೆ:

ನಾನು ಅದರಲ್ಲಿ ಇಲ್ಲ.

ಚಿಕ್ಕಮಗಳೂರು:

ಮೂರನೇ ಸಾಲಿನಲ್ಲಿ ‘ಜೀವತೂಕದಲ್ಲಿ’ ಅಂತ ಬಿದ್ದಿದೆ. ಆ ಶೇಕಡಾ ಲೆಕ್ಕ ಮೇವು-ನೀರು ಕಳೆದ ತೂಕದ ಮೇಲೆ. ಪ್ರಿಂಟಿಗೆ ಹೋಗುವ ಮುಂಚೆ ತಿದ್ದಿ. ಬೂಸಾದ ಮುಂದೆ ‘ಗೋಧಿ’ ಅಂತ ಸೇರಿಸಿ, ಇಲ್ಲದಿದ್ದರೆ ಯಾವ ಬೂಸಾ ಅಂತ ನನಗೆ ಫೋನ್ ಬರುತ್ತದೆ.