ಚರ್ಮಗಂಟು ರೋಗಕ್ಕೆ ಸತ್ತ ಆಕಳ ಪರಿಹಾರ ಇನ್ನೂ ಬಂದಿಲ್ಲ, ಲೆಕ್ಕ ಯಾರ ಹತ್ರ ಕೇಳೋದು?

ಹಳ್ಳದಾಚೆಯವ:
ಎಲ್ರಿಗೂ ನಮಸ್ಕಾರ. ನಮ್ದು ಅಂಕೋಲಾ ಕಡೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಮನೇಲಿ ಒಂದು ಜರ್ಸಿ ಆಕಳು ಹೋಯ್ತು, ಕರು ಹಾಕಿ ಮೂರು ತಿಂಗಳಾಗಿತ್ತಷ್ಟೇ. ಮೊದ್ಲು ಕುತ್ತಿಗೆ ಹತ್ರ ಅಡಿಕೆ ಗಾತ್ರದ್ದು ನಾಲ್ಕು ಗಂಟು ಕಾಣಿಸ್ತು, ಮೂರನೇ ದಿನಕ್ಕೆ ಮೈತುಂಬಾ, ಮುಂಗಾಲು ಬಾತು ಮಲಗೋಕೂ ಆಗ್ದೇ ರಾತ್ರಿಯೆಲ್ಲ ನಿಂತೇ ಇತ್ತು ಪಾಪ. ಆಗ ಸರ್ಕಾರ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ಅಂತ ಹೇಳಿತ್ತಲ್ಲ, ಡಾಕ್ಟ್ರು ಬಂದು ಫೋಟೋ ಹೊಡ್ಕೊಂಡು ಹೋದ್ರು, ಪಾಸ್‌ಬುಕ್ಕು ಆಧಾರ್ ಜೆರಾಕ್ಸ್ ಎಲ್ಲ ಕೊಟ್ಟೆ. ಕೆಳಗಿನ ಮನೆಯವ್ರಿಗೆ ದುಡ್ಡು ಬಂತು, ನಮಗೆ ಇವತ್ತಿನ ತನಕ ಇಲ್ಲ. ಕೇಳಿದ್ರೆ ಲಿಸ್ಟ್ ಮೇಲೆ ಹೋಗಿದೆ ಅಂತಾರೆ. ಮೇಲೆ ಅಂದ್ರೆ ಎಲ್ಲಿ ಮಾರಾಯ್ರೆ, ಅಟ್ಟದ ಮೇಲಾ?

ಇನ್ನೊಂದು ಕಥೆ. ಆ ಸಮಯದಲ್ಲಿ ಸತ್ತ ಐದಾರು ದನ ಪಂಚಾಯ್ತಿಯವ್ರು ಜೆಸಿಬಿ ತರಿಸಿ ಹಳ್ಳದ ಬದಿಗೇ ಹೂಳಿಸಿದ್ರು. ಸುಣ್ಣ ಎಂಟು ಚೀಲ ಅಂತ ಬಿಲ್ ಆಗಿದೆಯಂತೆ, ನಾನು ಅಲ್ಲೇ ಕೊಡೆ ಹಿಡ್ಕೊಂಡು ನಿಂತಿದ್ದೆ, ಬಿದ್ದಿದ್ದು ಎರಡೇ ಚೀಲ. ಮತ್ತೆ ಲಸಿಕೆ ಕ್ಯಾಂಪ್ ಮಾಡಿದ್ದಲ್ಲ, ಖಾಲಿ ಬಾಟ್ಲಿ ಸೂಜಿ ಎಲ್ಲ ಶಾಲೆ ಹಿಂದಿನ ಕಾನಲ್ಲಿ ಬಿದ್ದಿತ್ತು.

ಈ ಮೂರೂ ಸೇರಿಸಿ ಒಂದು ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ) ಹಾಕೋಣ ಅಂತ ಬರೆದಿಟ್ಟಿದ್ದೇನೆ, ಎರಡು ಪುಟ ಆಗಿದೆ. ಸರಿ ಇದೆಯಾ?

ಸೊಪ್ಪಿನಬೆಟ್ಟ (ಶಿರಸಿ):
ಎರಡು ಪುಟ ಹರಿದು ಒಲೆಗೆ ಹಾಕಿ, ಬೇಜಾರು ಮಾಡ್ಕೋಬೇಡಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದ ಒಳಗೆ. ನೀವು ದುಡ್ಡು, ಗುಂಡಿ, ಸೂಜಿ ಮೂರನ್ನೂ ಒಂದೇ ಕವರಿಗೆ ತುಂಬಿದ್ರೆ ಅವ್ರಿಗೆ ಅಷ್ಟೇ ಸಾಕು, ವಾಪಸ್ ಕಳಿಸೋಕೆ ಕಾರಣ ನೀವೇ ಕೊಟ್ಟಂಗೆ. ನಾನು ಮೊದಲನೇ ಸಲ ಹೀಗೇ ಬರೆದು ಹಣೆ ಚಚ್ಕೊಂಡಿದ್ದೆ.

ಮೂರು ಅರ್ಜಿ ಮಾಡಿ, ಒಂದೊಂದಕ್ಕೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಪರಿಹಾರದ್ದು ಪಶುಪಾಲನಾ ಇಲಾಖೆಗೆ, ಜೆಸಿಬಿ ಸುಣ್ಣದ್ದು ಪಂಚಾಯ್ತಿ ಪಿಡಿಒಗೆ (ಅಭಿವೃದ್ಧಿ ಅಧಿಕಾರಿಗೆ), ಸೂಜಿದು ಕಾರವಾರದ ಮಾಲಿನ್ಯ ನಿಯಂತ್ರಣ ಮಂಡಳಿ ಆಫೀಸಿಗೆ. ತಪ್ಪು ಆಫೀಸಿಗೆ ಹೋದ್ರೂ ಹೆದರೋದು ಬೇಡ, ಮಾಹಿತಿ ಹಕ್ಕು ಕಾಯ್ದೆಯ ಕಲಂ 6(3) ಪ್ರಕಾರ ಐದು ದಿನದಲ್ಲಿ ಅವ್ರೇ ಸರಿಯಾದ ಕಡೆ ದಾಟಿಸ್ಬೇಕು.

ಮತ್ತೆ ಮುಖ್ಯ ಮಾತು, ಯಾಕೆ ಅಂತ ಎಲ್ಲೂ ಬರೀಬೇಡಿ. "ನನಗೆ ಯಾಕೆ ಪರಿಹಾರ ಬಂದಿಲ್ಲ" ಅಂದ್ರೆ ಅದು ಮಾಹಿತಿ ಅಲ್ಲ, ಪ್ರಶ್ನೆ ಅಂತ ಮುಗಿಸ್ತಾರೆ. ಕಾಗದದ ಹೆಸರು ಹಿಡಿದು ಕೇಳಿ. ನಿಮ್ಮ ತಾಲೂಕಿನ ಫಲಾನುಭವಿ ಪಟ್ಟಿ, ನಿಮ್ಮ ಆಕಳ ಮರಣ ವರದಿ, ಹಣ ಬಿಡುಗಡೆ ಆದೇಶ, ಬಳಕೆ ಪ್ರಮಾಣಪತ್ರ, ಇವುಗಳ ನಕಲು. ಪಂಚಾಯ್ತಿಗೆ ಹಾಕೋದ್ರಲ್ಲಿ ಸುಣ್ಣ ಖರೀದಿ ಬಿಲ್ಲು, ಸ್ಟಾಕ್ ರಿಜಿಸ್ಟರ್, ಜೆಸಿಬಿ ಎಷ್ಟು ತಾಸು ಓಡ್ತು ಅನ್ನೋ ವೋಚರ್. ಪುಟಕ್ಕೆ ಎರಡು ರೂಪಾಯಿ. 30 ದಿನ ಕಾಯಿರಿ, ಉತ್ತರ ಬರದೇ ಇದ್ರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗ್ದಿದ್ರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಗಜನಿ_ಗಾಳಿ:
ಎಲ್ಲ ಮಾಡಿ ಕಡೆಗೆ "ಕಡತ ಲಭ್ಯವಿಲ್ಲ" ಅಂತ ಒಂದು ಸಾಲು ಬರ್ತದೆ, ಬರೆದಿಟ್ಕೊಳ್ಳಿ.

ಸೊಪ್ಪಿನಬೆಟ್ಟ (ಶಿರಸಿ):
ಬರ್ಲಿ ಬಿಡಿ. ಆ ಸಾಲಿಗೆ ಸಹಿ ಇರ್ತದಲ್ಲ, ಮೇಲ್ಮನವೀಲಿ ಅದನ್ನೇ ಹಿಡ್ಕೊಳ್ಳೋದು. ದುಡ್ಡು ಕೊಟ್ಟ ಕಡತ ಇಲ್ಲ ಅನ್ನೋದು ಅಷ್ಟು ಸುಲಭ ಅಲ್ಲ, ಬಿಲ್ಲು ಖಜಾನೆ-2ರಲ್ಲಿ, ಅಂದ್ರೆ ಸರ್ಕಾರಿ ಖಜಾನೆಯ ಕಂಪ್ಯೂಟರ್ ವ್ಯವಸ್ಥೇಲಿ, ಹಾದು ಹೋಗಿರ್ತದೆ. ಸಕಾರಣ ಇಲ್ದೇ ಮಾಹಿತಿ ತಡೆದ್ರೆ ದಿನಕ್ಕೆ 250, ಹೆಚ್ಚೆಂದ್ರೆ 25 ಸಾವಿರ ದಂಡ, ಅದೂ ಅಧಿಕಾರಿ ಕೈಯಿಂದ.

ಐಸ್‌ಬಾಕ್ಸ್_ನಿವೃತ್ತ:
ನಾನು ಇಲಾಖೇಲಿ ಜಾನುವಾರು ಅಧಿಕಾರಿ ಆಗಿ ನಿವೃತ್ತಿ ಆದವ, ಹಾಗಾಗಿ ಸ್ವಲ್ಪ ನಮ್ಮ ಕಡೆ ಮಾತೂ ಕೇಳಿ. ಆ ವರ್ಷ ಈ ರೋಗಕ್ಕೇ ಅಂತ ಲಸಿಕೆ ನಮ್ಮ ಕೈಲಿರಲಿಲ್ಲ, ಆಡಿಗೆ ಹಾಕೋ ಸಿಡುಬಿನ ಲಸಿಕೆಯನ್ನೇ ದನಕ್ಕೆ ಹಾಕಿದ್ದು. ಅದನ್ನ 2ರಿಂದ 8 ಡಿಗ್ರಿ ಒಳಗೆ ಇಡ್ಬೇಕು, ಘಟ್ಟದ ಬುಡದಲ್ಲಿ ಮಳೆಗಾಲ ಕರೆಂಟ್ ಕಥೆ ನಿಮಗೇ ಗೊತ್ತಲ್ಲ, ನಾನು ಪಕ್ಕದೂರಿನ ಐಸ್‌ಕ್ಯಾಂಡಿ ಅಂಗಡಿಯಿಂದ ಐಸ್ ತಂದು ಬಾಕ್ಸಿಗೆ ತುಂಬಿ ಬೈಕ್ ಹಿಂದೆ ಕಟ್ಕೊಂಡು ಓಡಾಡಿದ್ದೇನೆ, ಆ ಐಸಿಗೆ ಯಾವ ಬಿಲ್ಲೂ ಇಲ್ಲ. ಅದೆಲ್ಲ ಇರ್ಲಿ, ಸೂಜಿ ಕಾನಿಗೆ ಎಸೆದಿದ್ದು ತಪ್ಪೇ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಪಶು ಆಸ್ಪತ್ರೆಗೂ ಅನ್ವಯ ಆಗ್ತದೆ, ಮನುಷ್ಯರ ಆಸ್ಪತ್ರೆಗೆ ಮಾತ್ರ ಅಂತ ನಮ್ಮವರಲ್ಲೇ ತುಂಬಾ ಜನ ತಿಳ್ಕೊಂಡಿದ್ರು.

ನಿಮ್ಮ ದುಡ್ಡಿನ ವಿಷಯಕ್ಕೆ ಬರ್ತೇನೆ. ನನ್ನ ಅನುಭವದಲ್ಲಿ ಹೆಸರು ಬಿದ್ದು ಹೋಗೋದು ಎರಡೇ ಕಡೆ. ಒಂದು ಆಧಾರಿಗೆ ಬ್ಯಾಂಕ್ ಖಾತೆ ಜೋಡಣೆ ಆಗಿರೋದಿಲ್ಲ. ಇಲ್ಲಾಂದ್ರೆ ಕಿವಿ ಟ್ಯಾಗ್ ನಂಬರ್ ತಪ್ಪು ಬರ್ದಿರ್ತಾರೆ, 12 ಅಂಕಿ, ಮಳೇಲಿ ಒದ್ದೆ ಪುಸ್ತಕದಲ್ಲಿ ಪೆನ್ಸಿಲಲ್ಲಿ ಬರೆಯೋದು, ಒಂದು 3 ಹೋಗಿ 8 ಆದ್ರೆ ಕಂಪ್ಯೂಟರಿಗೆ ನಿಮ್ಮ ಆಕಳು ಹುಟ್ಟೇ ಇಲ್ಲ. ಹೂಳೋ ಮುಂಚೆ ಟ್ಯಾಗ್ ಕತ್ತರಿಸಿ ಇಟ್ಕೊಂಡಿದ್ರಾ?

ಬಾವಿಕಟ್ಟೆ (ಕುಮಟಾ):
ಅಣ್ಣಾ, ದುಡ್ಡಿನ ಬಗ್ಗೆ ಎಲ್ರೂ ಹೇಳಿದ್ರು, ನಂಗೆ ಆ ಹಳ್ಳದ ಬದಿ ಗುಂಡಿದೇ ಚಿಂತೆ. ನಮ್ಮಲ್ಲೂ ಒಂದು ಎಮ್ಮೆಯನ್ನ ಹಿತ್ತಲಿಗೇ ಹೂಳೋಕೆ ಹೊರಟಿದ್ರು, ನಮ್ಮತ್ತೆ ಅಡ್ಡ ನಿಂತ್ರು. ನಮ್ಮ ಬಾವೀಲಿ ಆಗಸ್ಟ್ ತಿಂಗಳಲ್ಲಿ ಕೊಡಪಾನಕ್ಕೆ ಹಗ್ಗನೇ ಬೇಡ, ಬಗ್ಗಿ ತುಂಬಿಸ್ಕೊಳ್ಳೋದು. ಚಿರೇಕಲ್ಲಿನ ನೆಲ, ಮೇಲೆ ಬಿದ್ದ ನೀರು ಬೆಳಗಾಗೋದ್ರೊಳಗೆ ಬಾವೀಲಿ ಇರ್ತದೆ. ಮೇಲೆ ಹೇಳಿದ್ರಲ್ಲ ಅದೇ 2016ರ ನಿಯಮದಲ್ಲಿ ಆಸ್ಪತ್ರೆ ತ್ಯಾಜ್ಯ ಹೂಳೋ ಗುಂಡಿ ತಳಕ್ಕಿಂತ ಅಂತರ್ಜಲ ಕನಿಷ್ಠ ಆರು ಮೀಟರ್ ಕೆಳಗಿರ್ಬೇಕು ಅಂತ ಇದೆ. ಮನೆ ದನದ ಹೆಣಕ್ಕೆ ನೇರ ಆ ನಿಯಮ ಬರೋದಿಲ್ಲ ಅನ್ನೋದು ಗೊತ್ತು, ಆದ್ರೂ ಆಸ್ಪತ್ರೆ ತ್ಯಾಜ್ಯಕ್ಕೆ ಆರು ಮೀಟರ್ ನೋಡೋರು ಐದಾರು ದನಕ್ಕೆ ಹಳ್ಳದ ಬದಿ ಹೇಗೆ ಆರಿಸಿದ್ರು? ಪಿಡಿಒ ಅರ್ಜೀಲಿ ಜಾಗ ಗುರುತಿಸಿದ ಮಹಜರಿನ ನಕಲೂ ಕೇಳಿ. ಗ್ರಾಮಸಭೇಲಿ ನಾವು ಆರು ಹೆಂಗಸ್ರು ಎದ್ದು ನಿಂತು ನೀರಿನ ಸ್ಯಾಂಪಲ್ ಟೆಸ್ಟಿಗೆ ಕಳಿಸಿ ಅಂತ ಠರಾವು ಬರೆಸಿದ ಮೇಲೇ ನಮ್ಮಲ್ಲಿ ಹೂಳೋ ಜಾಗ ಗುಡ್ಡದ ಮೇಲಕ್ಕೆ ಹೋಯ್ತು.

ಹಳ್ಳದಾಚೆಯವ:
ಎಲ್ರಿಗೂ ಥ್ಯಾಂಕ್ಸ್. ಎರಡು ಪುಟ ಹರಿದಾಯ್ತು.

ಟ್ಯಾಗ್ ಇದೆ ಸರ್. ಹಳದಿದು, ಆವತ್ತು ಅಪ್ಪ ಕತ್ತೀಲಿ ಕಿವಿ ಸಮೇತ ಕೊಯ್ದು ಇಟ್ಟಿದ್ರು, ಕೊಟ್ಟಿಗೆ ಕಂಬದ ಮೊಳೆಗೆ ನೇತಾಡ್ತಾ ಇದೆ. ಈಗ್ಲೇ ಟಾರ್ಚ್ ಹಿಡ್ಕೊಂಡು ಹೋಗಿ ಓದ್ಕೊಂಡು ಬಂದೆ, ಮನೇಲಿರೋ ಲಸಿಕೆ ಚೀಟಿ ಪಕ್ಕದಲ್ಲಿಟ್ಟು ನೋಡಿದ್ರೆ ಒಂಬತ್ತನೇ ಅಂಕಿ ಬೇರೆ. ಟ್ಯಾಗಲ್ಲಿ 1, ಚೀಟೀಲಿ 7. ಡಾಕ್ಟ್ರು ಆವತ್ತು ನಂಬರ್ ಬರ್ಕೊಂಡಿದ್ದು ಈ ಚೀಟಿ ನೋಡೇ, ಟ್ಯಾಗ್ ನೋಡಿ ಅಲ್ಲ. ಈಗ ಮರಣ ವರದಿ ನಕಲಿಗೆ ಮೊದಲು ಹಾಕ್ಲಾ ಅಥವಾ ಟ್ಯಾಗ್ ಹಿಡ್ಕೊಂಡು ಸೀದಾ ಆಸ್ಪತ್ರೆಗೆ ಹೋಗ್ಲಾ?

ಐಸ್‌ಬಾಕ್ಸ್_ನಿವೃತ್ತ:
ಎರಡೂ ಮಾಡಿ. ಅರ್ಜಿ ಮೊದ್ಲು ಪೋಸ್ಟ್ ಮಾಡಿ, ರಸೀದಿ ಕಿಸೇಲಿಟ್ಕೊಂಡು ಆಮೇಲೆ ಆಸ್ಪತ್ರೆಗೆ ಹೋಗಿ. ಟ್ಯಾಗ್ ತೋರಿಸಿ, ಕೈಗೆ ಮಾತ್ರ ಕೊಡ್ಬೇಡಿ.